ಮಾಗಳಿ ಬೇರಿನ ಲ್ಯಾಬ್ ಸಸಿ: ಗಿಡ ಚೆನ್ನ, ಹದ ಸಾಲದು

ಉಪ್ಪಿನಕಾಯಿಗೆಂದು ಮಾಗಳಿ ಬೇರನ್ನು ಬುಡಸಮೇತ ಅಗೆಯುವುದರಿಂದ ಕಾಡಲ್ಲಿ ಬಳ್ಳಿ ಸಿಗುವುದೇ ಕಷ್ಟ. ಹಾಗಾಗಿ ತುಮಕೂರು ಹತ್ತಿರದ ಒಂದು ಲ್ಯಾಬಿನ ಟಿಶ್ಯೂ ಕಲ್ಚರ್ (ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸಿದ) ಸಸಿಗೆ ಬೆಲೆಯಿದೆ. ಗೆಣ್ಣಿನ ತುಂಡಿನಿಂದ ಎಬ್ಬಿಸಿದ್ದು, ಎಲ್ಲವೂ ಒಂದೇ ಎತ್ತರ. ಬಾಟಲಿಯಲ್ಲಿ ಬುಡದ ಸುತ್ತ ಹಾಲಿನಂಥ ಮಸುಕು ಕಂಡರೆ ಅದು ಬ್ಯಾಕ್ಟೀರಿಯಾ, ವಾಪಸ್ ಕೊಡಿ.

ಕೊರತೆ ಇರುವುದು ಹದಗೊಳಿಸುವುದರಲ್ಲಿ, ಅಂದರೆ ಬಾಟಲಿಯ ಸಸಿಯನ್ನು ಹೊರಗಿನ ಗಾಳಿ-ಬಿಸಿಲಿಗೆ ಒಗ್ಗಿಸುವುದರಲ್ಲಿ. ಅಗರ್ (ಬಾಟಲಿಯಲ್ಲಿ ಸಸಿ ಬೆಳೆಯುವ, ಸಕ್ಕರೆ ಬೆರೆತ ಲೋಳೆ) ಪೂರ್ತಿ ತೊಳೆಯದೆ ಕೊಕೊಪಿಟ್‌ಗೆ (ತೆಂಗಿನ ನಾರಿನ ಪುಡಿಗೆ) ಇಟ್ಟ ಟ್ರೇಗಳಲ್ಲಿ ಬುಡ ಕೊಳೆತಿದೆ. ಬೇರಿಗಂಟಿದ ಸಕ್ಕರೆಯೇ ಬೂಷ್ಟಿಗೆ (ಶಿಲೀಂಧ್ರಕ್ಕೆ) ಊಟ! ಬಾಟಲಿಯಲ್ಲಿ ಬೆಳೆದ ಎಲೆಗೆ ಮೇಣದ ಪದರ ತೆಳು, ನೇರ ಬಿಸಿಲಿಗೆ ಬೇಗ ಬಾಡುತ್ತದೆ. 50% ನೆರಳುಬಲೆಯಡಿ ಪ್ಲಾಸ್ಟಿಕ್ ಹೊದಿಸಿ, ದಿನಾ ಸ್ವಲ್ಪ ಸ್ವಲ್ಪ ತೆರೆಯುತ್ತಾ 3-4 ವಾರ ಇಟ್ಟು ಆಮೇಲೆ ನೆಡಿ. ಬೇರಿಲ್ಲದ ಚಿಗುರನ್ನು ಅಗ್ಗವೆಂದು ಕೊಳ್ಳಬೇಡಿ, ಬೇರು ಬಿಡುವುದರಲ್ಲೇ ಮಾಗಳಿ ಮೊಂಡು.