ಇಂಗ್ಲಿಷ್ ಕಲಿಯೋಕೆ ‘ಯೆಸ್ ಮಿನಿಸ್ಟರ್’: ಕೆಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಐದಕ್ಕೆ ನಾಲ್ಕು ಸ್ಟಾರ್. ಮನರಂಜನೆಗೆ ಅಲ್ಲ, ಇಂಗ್ಲಿಷ್ ಕಲಿಕೆಗೆ ಕೊಡ್ತಿರೋದು. ಬಿಬಿಸಿಯ ಈ ಹಳೇ ಧಾರಾವಾಹಿ ಎಷ್ಟು ನಗಿಸುತ್ತದೆ ಅಂತ ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ನೋಡಿದವನು.

ಬೆಳಗಾವಿಯಲ್ಲಿ ಡಿಸಿ ಆಫೀಸಿನ ಆಸುಪಾಸು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಮನವಿ, ಅಫಿಡವಿಟ್ಟು ದಿನದ ಕೆಲಸ. ಕನ್ನಡ, ಮರಾಠಿ ಎರಡೂ ಸಲೀಸು. ಇಂಗ್ಲಿಷ್ ಪತ್ರ ಬಂದರೆ ಮಾತ್ರ ಕೈ ನಿಂತುಬಿಡುತ್ತಿತ್ತು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆದಮೇಲಂತೂ ಚಳಿಗಾಲದ ಅಧಿವೇಶನದ ಹೊತ್ತಿಗೆ ಅಂಗಡಿ ಮುಂದೆ ಸಾಲು. ಸಂಘದವರು, ಕಬ್ಬು ಬೆಳೆಗಾರರು, ಅತಿಥಿ ಉಪನ್ಯಾಸಕರು, ಎಲ್ಲರಿಗೂ ಮನವಿ ಬೇಕು. ‘ದೆಹಲಿಗೂ ಒಂದು ಕಾಪಿ ಹೋಗ್ಲಿ, ಇಂಗ್ಲಿಷಿನಾಗ ಮಾಡ್ರಿ’ ಅನ್ನೋರು ಜಾಸ್ತಿ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ದುಡ್ಡು ಕಟ್ಟಿದ್ದೆ. ಅಲ್ಲಿ ಕಲಿಸಿದ್ದು ಇಂಗ್ಲಿಷಿನಲ್ಲಿ ಸೇಬು ಕೊಳ್ಳುವುದು. ಬೆಳಗಾವಿ ಪೇಟೆಯಲ್ಲಿ ಸೇಬನ್ನು ಇಂಗ್ಲಿಷಿನಲ್ಲಿ ಯಾರು ಕೊಳ್ತಾರೆ ಹೇಳಿ. ಅದನ್ನು ಬಿಟ್ಟು ಡಿವಿಡಿ ಸೆಟ್ ತರಿಸಿಕೊಂಡೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. 1980ರಿಂದ 84ರವರೆಗೆ ‘ಯೆಸ್ ಮಿನಿಸ್ಟರ್’, ಅರ್ಧ ಗಂಟೆಯ 21 ಕಂತು, ಕೊನೆಗೆ ಒಂದು ಗಂಟೆಯ ಕ್ರಿಸ್‌ಮಸ್ ವಿಶೇಷ. ಅದರಲ್ಲಿ ಮಂತ್ರಿ ಪ್ರಧಾನಿ ಆಗುತ್ತಾನೆ. 1986ರಿಂದ 88ರವರೆಗೆ ‘ಯೆಸ್, ಪ್ರೈಮ್ ಮಿನಿಸ್ಟರ್’, ಮತ್ತೆ 16 ಕಂತು. ಮುಖ್ಯವಾಗಿ ಮೂರೇ ಜನ. ಮಂತ್ರಿ ಜಿಮ್ ಹ್ಯಾಕರ್. ಸರ್ಕಾರ ಯಾವುದೇ ಬಂದರೂ ಕುರ್ಚಿ ಬಿಡದ ಹಿರಿಯ ಅಧಿಕಾರಿ ಸರ್ ಹಂಫ್ರಿ. ಇಬ್ಬರ ನಡುವೆ ಸಿಕ್ಕಿಬಿದ್ದ ಆಪ್ತ ಕಾರ್ಯದರ್ಶಿ ಬರ್ನಾರ್ಡ್.

ಕಲಿಯೋರಿಗೆ ಲಾಭ ಇರೋದು ಈ ಮೂವರ ಮಾತಿನ ವ್ಯತ್ಯಾಸದಲ್ಲೇ. ಹಂಫ್ರಿ ಒಂದು ಸಣ್ಣ ವಿಷಯವನ್ನು ಉಸಿರು ಬಿಡದೆ ಉದ್ದಕ್ಕೆ ಎಳೆಯುತ್ತಾನೆ. ಮಂತ್ರಿಗೆ ತಲೆಬುಡ ತಿಳಿಯುವುದಿಲ್ಲ. ಅವನು ಬಿಡಿಸಿ ಹೇಳು ಅನ್ನುತ್ತಾನೆ. ಆಗ ಅದೇ ಮಾತು ನಾಲ್ಕು ಪದದಲ್ಲಿ ಬರುತ್ತದೆ. ಅಂದರೆ ಕಷ್ಟದ ಇಂಗ್ಲಿಷಿನ ಬೆನ್ನಿಗೇ ಸುಲಭದ ಇಂಗ್ಲಿಷ್. ನಿಘಂಟು ತೆರೆಯುವ ಕೆಲಸ ಅರ್ಧ ತಪ್ಪುತ್ತದೆ. ಬರ್ನಾರ್ಡನದು ಇನ್ನೊಂದು ಚಟ. ಯಾರಾದರೂ ಎರಡು ನುಡಿಗಟ್ಟು ಕಲಸಿ ಮಾತಾಡಿದರೆ ತಡೆದುಕೊಳ್ಳಲಾರದೆ ತಿದ್ದುತ್ತಾನೆ. ಮಂತ್ರಿಗೆ ಸಿಟ್ಟು ಬರುತ್ತದೆ, ನಮಗೆ ಪುಕ್ಕಟೆ ಪಾಠ.

ಇದನ್ನು ಪ್ರೇಕ್ಷಕರನ್ನು ಕೂರಿಸಿಕೊಂಡು ಸ್ಟುಡಿಯೋದಲ್ಲಿ ಚಿತ್ರೀಕರಿಸಿದ್ದರು. ಜನ ನಕ್ಕಾಗ ನಟರು ಸ್ವಲ್ಪ ಕಾಯುತ್ತಾರೆ. ಪದ ಬರೆದುಕೊಳ್ಳಲು ಅಷ್ಟು ಹೊತ್ತು ಸಾಕು. ಅವರೆಲ್ಲ ನಕ್ಕು ನಿಮಗೆ ನಗು ಬರಲಿಲ್ಲ ಅಂದರೆ ಏನೋ ತಪ್ಪಿಹೋಯ್ತು ಅಂತ ಗೊತ್ತಾಗುತ್ತದೆ, ಹಿಂದಕ್ಕೆ ಹೋಗಿ ಮತ್ತೆ ಕೇಳಿ. ಯಾವ ಕ್ಲಾಸಿನಲ್ಲೂ ಇಷ್ಟು ಬೇಗ ತಪ್ಪು ಗೊತ್ತಾಗಲ್ಲ.

ಒಂದು ಕಂತನ್ನು ಮಾತ್ರ ಯಾರೂ ಬಿಡಬಾರದು. ಪ್ರಧಾನಿಗೆ ಕಡ್ಡಾಯ ಸೈನಿಕ ಸೇವೆ ಜಾರಿ ಮಾಡುವ ಆಸೆ. ಜನಾಭಿಪ್ರಾಯ ಸಮೀಕ್ಷೆಯೂ ಅದರ ಪರ ಬಂದಿದೆ. ಹಂಫ್ರಿ ಬರ್ನಾರ್ಡನನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಾನೆ. ನಿರುದ್ಯೋಗ, ಅಪರಾಧ, ಶಾಲೆಗಳಲ್ಲಿ ಶಿಸ್ತಿಲ್ಲದ್ದು, ಒಂದರ ಹಿಂದೆ ಒಂದು. ಬರ್ನಾರ್ಡ್ ಎಲ್ಲಕ್ಕೂ ಹೌದು ಅನ್ನುತ್ತಾ ಹೋಗಿ ಕೊನೆಗೆ ಕಡ್ಡಾಯ ಸೇವೆಗೂ ಹೌದು ಅಂದುಬಿಡುತ್ತಾನೆ. ಆಮೇಲೆ ಯುದ್ಧದ ಭಯ, ಹುಡುಗರ ಕೈಗೆ ಬಂದೂಕು, ಬಲವಂತ, ಇವುಗಳ ಮೇಲೆ ಬೇರೆ ಪ್ರಶ್ನೆಗಳು. ಈಗ ಅದೇ ಬರ್ನಾರ್ಡ್ ಅದೇ ಸೇವೆ ಬೇಡ ಅನ್ನುತ್ತಾನೆ.

ನಾನು ಇದನ್ನೇ ಅಭ್ಯಾಸ ಮಾಡಿಕೊಂಡೆ. ವಿಷಯ ಮಾತ್ರ ನಮ್ಮೂರಿನದು. ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ ಕಾದು ಕಾದು ಸಾಕಾಗಿದೆಯಾ? ಮಕ್ಕಳಿಗೆ ಸ್ಕೂಲಿಗೆ ತಡ ಆಗುತ್ತಾ? ಹಾಗಾದರೆ ಸೇತುವೆ ಬೇಕಲ್ವಾ? ಇನ್ನು ತಿರುಗಿಸಿ. ಧೂಳಿನಿಂದ ತೊಂದರೆ ಇದೆಯಾ? ರಸ್ತೆ ವರ್ಷಗಟ್ಟಲೆ ಮುಚ್ಚಿದರೆ ಅಂಗಡಿ ವ್ಯಾಪಾರಕ್ಕೆ ಹೊಡೆತ ಬೀಳಲ್ವಾ? ಹಾಗಾದರೆ ಸೇತುವೆ ಯಾಕೆ? ಹೀಗೆ ಎರಡೂ ಕಡೆಯಿಂದ ಇಂಗ್ಲಿಷಿನಲ್ಲಿ ಕೇಳಿಕೊಂಡರೆ ‘ಡು ಯು’, ‘ಆರ್ ಯು’, ‘ವುಡ್ ಯು’ ಗೊಂದಲ ಹೋಗುತ್ತದೆ. ಇದರಿಂದ ಇನ್ನೊಂದು ಕೆಟ್ಟ ಗುಣ ಹತ್ತುತ್ತದೆ. ಚುನಾವಣೆ ಹೊತ್ತಿನ ಯಾವ ಸಮೀಕ್ಷೆಯನ್ನೂ ನಂಬಲು ಆಗುವುದಿಲ್ಲ.

ಅಂಗಡಿಯಲ್ಲಿ ಉಪಯೋಗ ಆದ ಒಂದು ಸಂದರ್ಭ ಹೇಳ್ತೀನಿ. ಬೈಲಹೊಂಗಲ ಕಡೆಯ ಹಿರಿಯರೊಬ್ಬರು ಇಂಗ್ಲಿಷ್ ಪತ್ರ ಹಿಡಿದು ಬಂದರು. ಯಾವುದೋ ಕಚೇರಿಯಿಂದ ಎರಡೇ ಸಾಲಿನ ಉತ್ತರ.

‘ಏನಂತ ಬರದಾರ ನೋಡ್ರಿ.’

‘ನಿಮ್ಮ ಅರ್ಜಿ ಮ್ಯಾಲ ಚುರುಕಾಗಿ ವಿಚಾರ ಮಾಡಾಕತ್ತಾರಂತ, ಕಾಕಾ.’

‘ಎಂದ ಮುಗೀತೈತಿ ಆ ವಿಚಾರ?’

ಧಾರಾವಾಹಿಯಲ್ಲಿ ಇದರ ಮೇಲೇ ಒಂದು ಜೋಕಿದೆ. ಪರಿಶೀಲನೆಯಲ್ಲಿದೆ ಅಂದರೆ ಫೈಲ್ ಕಳೆದಿದೆ, ಸಕ್ರಿಯ ಪರಿಶೀಲನೆಯಲ್ಲಿದೆ ಅಂದರೆ ಹುಡುಕುತ್ತಿದ್ದಾರೆ. ನಗು ಬಂತು, ನುಂಗಿಕೊಂಡೆ. ಮೊದಲಾಗಿದ್ದರೆ ‘ಆಗ್ತದ ಬಿಡ್ರಿ’ ಅಂತ ಕಳಿಸುತ್ತಿದ್ದೆ. ಈ ಸಲ ಅರ್ಜಿಯ ಜೆರಾಕ್ಸ್ ಮತ್ತೆ ಲಗತ್ತಿಸಿ, ಹಳೇ ಪತ್ರದ ನಂಬರು, ತಾರೀಖು ಹಾಕಿ, ಯಾವ ದಿನದೊಳಗೆ ಉತ್ತರ ಬೇಕು ಅಂತ ಕೇಳಿ ಜ್ಞಾಪನ ಪತ್ರ ಟೈಪ್ ಮಾಡಿಕೊಟ್ಟೆ.

ಈಗ ಕಡಿಮೆ ಮಾಡಿದ ಒಂದು ಸ್ಟಾರ್ ವಿಚಾರ. ಮನೆಮಾತಿನ ಇಂಗ್ಲಿಷ್ ಇದರಲ್ಲಿ ಕಡಿಮೆ. ಕಚೇರಿ, ಮೀಟಿಂಗು, ಫೋನು, ಇಷ್ಟೇ. ಹ್ಯಾಕರ್‌ನ ಹೆಂಡತಿ ಆನಿ ಬರುವ ದೃಶ್ಯಗಳಲ್ಲಿ ಮಾತ್ರ ಗಂಡ ಹೆಂಡತಿ ಮಾತು, ಕೆಟ್ಟುಹೋದ ರಜೆಯ ಪ್ಲಾನು, ಸಿಡಿಮಿಡಿ. ಅವು ಬಂಗಾರ, ಆದರೆ ಚೂರೇ ಚೂರು. 80ರ ದಶಕದ ಶೀತಲ ಸಮರ, ಯುರೋಪ್ ಮಾರುಕಟ್ಟೆ ಜಗಳ ಗೊತ್ತಿಲ್ಲದಿದ್ದರೆ ಕೆಲವು ಜೋಕು ಹಾಗೇ ಹೋಗುತ್ತವೆ. ಆಕ್ಸ್‌ಫರ್ಡಿನಲ್ಲಿ ಓದಿದ ಹಂಫ್ರಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಓದಿದ ಮಂತ್ರಿಯ ಕಾಲೆಳೆಯುವುದು ನಮ್ಮೂರ ಲಿಂಗರಾಜ ಕಾಲೇಜಿನವರು ಆರ್‌ಪಿಡಿ ಕಾಲೇಜಿನವರನ್ನು ಕಿಚಾಯಿಸಿದ ಹಾಗೆ ಅಂತ ತಿಳಿದಮೇಲೆ ನನಗೆ ಅದು ರುಚಿಸಿತು. ನನ್ನ ಸೆಟ್ಟಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆ, ಕನ್ನಡದ್ದು ಇಲ್ಲ. ಎಸ್ಸೆಸ್ಸೆಲ್ಸಿ ಮಟ್ಟದ ಇಂಗ್ಲಿಷ್ ಓದಲು ಬರದಿದ್ದರೆ ಸುಮ್ನೆ ದುಡ್ಡು ದಂಡ.

ಹಂಫ್ರಿಯ ಮಾತನ್ನು ಅನುಕರಿಸಬೇಡಿ. ಅವನದು ಅರ್ಥ ಮಾಡಿಕೊಳ್ಳಬೇಕಾದ ಇಂಗ್ಲಿಷ್, ಆಡಬೇಕಾದದ್ದು ಹ್ಯಾಕರ್‌ನದು. ನಮ್ಮ ಅಂಗಡಿ ಹುಡುಗನೂ ಜೊತೆಗೆ ಕೂತು ನೋಡುತ್ತಿದ್ದ. ಲ್ಯಾಮಿನೇಷನ್ ಯಾವಾಗ ಆಗ್ತದ ತಮ್ಮಾ ಅಂತ ಗಿರಾಕಿ ಕೇಳಿದರೆ ‘ಇನ್ ಡ್ಯೂ ಕೋರ್ಸ್’, ಅಂದರೆ ಸಮಯ ಬಂದಾಗ ಆಗ್ತದ, ಅನ್ನತೊಡಗಿದ. ಬೈಯಬೇಕಾಯ್ತು.

ಲೇಖಕರಿಬ್ಬರೂ ಇದೇ ಕಥೆಗಳನ್ನು ಹ್ಯಾಕರ್‌ನ ಡೈರಿ ರೂಪದಲ್ಲಿ ಪುಸ್ತಕ ಮಾಡಿದ್ದಾರೆ. ಮೊದಲು ಅಧ್ಯಾಯ ಓದಿ, ಆಮೇಲೆ ಕಂತು ನೋಡಿದರೆ ಕಿವಿಗೆ ಬೇಗ ಹತ್ತುತ್ತದೆ. ಹಿಂದಿಯಲ್ಲಿ ಫಾರೂಕ್ ಶೇಖ್ ಮಂತ್ರಿಯಾಗಿದ್ದ ‘ಜೀ ಮಂತ್ರೀಜಿ’ ಚೆನ್ನಾಗಿತ್ತು, ಆದರೆ ನಮ್ಮ ಕೆಲಸಕ್ಕೆ ಬರುವುದಿಲ್ಲ. 2013ರ ಹೊಸ ಇಂಗ್ಲಿಷ್ ಆವೃತ್ತಿ ನನಗೆ ಸಪ್ಪೆ ಅನಿಸಿತು.

ಹೊಸಬರು ಮೊದಲ ಕಂತಿನಿಂದ ಶುರು ಮಾಡಬೇಡಿ, ಪರಿಚಯದಲ್ಲೇ ಸುಸ್ತಾಗ್ತೀರಿ. ಹೊಸ ಆಸ್ಪತ್ರೆಯ ಕಂತು ಹಾಕಿ, ಹೆಸರು ‘ದಿ ಕಂಪ್ಯಾಷನೇಟ್ ಸೊಸೈಟಿ’. ಅಲ್ಲಿ 500ಕ್ಕೂ ಜಾಸ್ತಿ ಸಿಬ್ಬಂದಿ ಇದ್ದಾರೆ, ರೋಗಿ ಒಬ್ಬರೂ ಇಲ್ಲ. ಕ್ಲೀನರ್, ಅಡುಗೆಯವರು, ಬಟ್ಟೆ ಒಗೆಯುವವರು, ತೋಟದವರು, ಎಲ್ಲರ ಹೆಸರೂ ಮಾತಿನಲ್ಲಿ ಬರುತ್ತದೆ. ಮೊದಲ ಸಲ ಸಬ್‌ಟೈಟಲ್ ಹಾಕಿ, ಎರಡನೇ ಸಲ ತೆಗೆದು ನೋಡಿ.