ಸಂಪು ತೊಳೆದ ಮೇಲೆ ಬರುವ ನಲ್ಲಿ ನೀರು: ಮೀನು ಸಾಕುವವರಿಗೆ ಎಚ್ಚರಿಕೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ವೇರಿಯಂ ಇಟ್ಟುಕೊಂಡವರು ದಯವಿಟ್ಟು ಗಮನಿಸಬೇಕು. ನಮ್ಮ ಕಟ್ಟಡದಲ್ಲಿ ಬೇಸಿಗೆಯಲ್ಲಿ ಸಂಪು ತೊಳೆಸಿ, ಬ್ಲೀಚಿಂಗ್ ಪೌಡರ್ ಸುರಿದು, ಟ್ಯಾಂಕರ್ ನೀರು ತುಂಬಿಸಿದ್ದರು. ಆದರೆ ನಿವಾಸಿಗಳಿಗೆ ಒಂದು ಸೂಚನೆಯನ್ನೂ ಕೊಟ್ಟಿರಲಿಲ್ಲ. ಎಂದಿನಂತೆ ಭಾನುವಾರ ಮೀನಿನ ತೊಟ್ಟಿಯ ಕಾಲು ಭಾಗದಷ್ಟು ನೀರು ತೆಗೆದು, ಬಾಟಲಿಯಲ್ಲಿ ಹೇಳಿದ ಪ್ರಮಾಣದಲ್ಲಿಯೇ ಆಂಟಿ ಕ್ಲೋರಿನ್ (ನೀರಿನ ಕ್ಲೋರಿನ್ ತೆಗೆಯುವ ಹನಿ) ಬೆರೆಸಿ ಹೊಸ ನೀರು ತುಂಬಿದೆ. ಸ್ವಲ್ಪ ಹೊತ್ತಿನಲ್ಲೇ ನಿಯಾನ್ ಟೆಟ್ರಾಗಳ ಮೈಮೇಲಿನ ನೀಲಿ ಗೆರೆ ಮಂಕಾಯಿತು, ಏಂಜೆಲ್ ಮೀನುಗಳು ಫಿಲ್ಟರ್‌ನ ನೀರು ಬೀಳುವ ಮೂಲೆಗೆ ಹೋಗಿ ಬಾಯಿ ಮೇಲೆತ್ತಿ ಕಿವಿರುಗಳನ್ನು ಪಟಪಟನೆ ಬಡಿಯತೊಡಗಿದವು. ಸಂಜೆಯ ಹೊತ್ತಿಗೆ ಒಂದು ಟೆಟ್ರಾ ಕೂಡ ಉಳಿಯಲಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ನಲ್ಲಿಯಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ರಕ್ಷಣೆಯಾಗುವ ಈ ಪ್ರಮಾಣವೇ ಮೀನಿಗೆ ವಿಷ. ಅಂಗಡಿಯ ಆಂಟಿ ಕ್ಲೋರಿನ್ ಹನಿಗಳು ಸಾಮಾನ್ಯವಾಗಿ ಇಂಥ ನೀರಿನ ಲೆಕ್ಕಕ್ಕೆ ತಯಾರಾದವು. ಬ್ಲೀಚಿಂಗ್ ಪೌಡರ್ ಹಾಕಿದ ಸಂಪಿನ ನೀರಿನಲ್ಲಿ ಕ್ಲೋರಿನ್ ಅದರ ಹಲವು ಪಟ್ಟು ಇರಬಹುದು. ಕ್ಲೋರಿನ್ ಕಿವಿರಿನ ತೆಳುವಾದ ಪೊರೆಯನ್ನೇ ಸುಡುವುದರಿಂದ, ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ.

ಅಂದು ಬದುಕುಳಿದ ಏಂಜೆಲ್‌ಗಳು ಮುಂದಿನ ದಿನಗಳಲ್ಲಿ ಒಂದೊಂದಾಗಿ ಸತ್ತವು, ಮತ್ತು ಹೆಚ್ಚಿನವರು ಮೋಸಹೋಗುವುದು ಈ ಹಂತದಲ್ಲಿಯೇ. ಮೀನಿನ ತ್ಯಾಜ್ಯದಿಂದ ಹುಟ್ಟುವ, ಮೀನಿಗೇ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸಿರುತ್ತವೆ; ಕ್ಲೋರಿನ್ ಅವನ್ನೂ ಕೊಂದಿರುತ್ತದೆ. ಅಮೋನಿಯಾ ಏರುತ್ತಿರುವಾಗ ಮೀನು ಮಂಕಾಗಿರುವುದನ್ನು ಕಂಡು ಅಂಗಡಿಯವರು ರೋಗವೆಂದು ಹೇಳಿ ಆಂಟಿಬಯಾಟಿಕ್ ಕೊಡುತ್ತಾರೆ (ನನಗೂ ಕೊಟ್ಟಿದ್ದರು), ಅದು ಅಳಿದುಳಿದ ಬ್ಯಾಕ್ಟೀರಿಯಾಗಳನ್ನೂ ಮುಗಿಸಬಲ್ಲದು. ಆ ಸಮಯದಲ್ಲಿ ಬೇಕಾದದ್ದು ಔಷಧವಲ್ಲ. ಆಹಾರ ನಿಲ್ಲಿಸುವುದು, ಗಾಳಿ ಪಂಪನ್ನು ಜೋರಾಗಿಡುವುದು, ಸಾಧ್ಯವಾದರೆ ಆರೋಗ್ಯವಾಗಿರುವ ಬೇರೊಂದು ತೊಟ್ಟಿಯ ಸ್ಪಂಜನ್ನು ತಂದು ಹಾಕುವುದು.

ಕ್ಲೋರಿನ್ ಇಲ್ಲದ ಬೋರ್‌ವೆಲ್ ನೀರು ಸುರಕ್ಷಿತವೆಂದು ತಿಳಿಯುವುದೂ ಸರಿಯಲ್ಲ. ಕಾವೇರಿ ನೀರಿಗೆ ಒಗ್ಗಿದ ಮೀನುಗಳಿಗೆ ಬೋರ್‌ವೆಲ್‌ನ ಗಡಸು ನೀರು ಒಮ್ಮೆಲೇ ಸುರಿದರೆ ದೇಹದ ಲವಣಗಳ ಸಮತೋಲನ ಕೆಡುತ್ತದೆ. ಇನ್ನೂ ಅಪಾಯಕಾರಿಯಾದದ್ದು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರಿಕೆ: ಹಳೆಯ ತೊಟ್ಟಿಯ ನೀರಿನಲ್ಲಿರುವ ಅಮೋನಿಯಾದ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ, ಆದರೆ ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. 2024ರ ಬೇಸಿಗೆಯ ನೀರಿನ ಅಭಾವದಂಥ ಸಂದರ್ಭದಲ್ಲಿ ಒಂದೇ ನಲ್ಲಿಯಲ್ಲಿ ಇಂದು ಕಾವೇರಿ, ನಾಳೆ ಟ್ಯಾಂಕರ್ ಬರುವುದರಿಂದ, ಹಳೆಯ ಅನುಭವವನ್ನು ನಂಬಿ ನೀರು ಬದಲಿಸುವಂತಿಲ್ಲ.

ಈಜುಕೊಳದ ನೀರಿನ ಕ್ಲೋರಿನ್ ಪರೀಕ್ಷಿಸಲು ಮಾರುವ ಓಟಿಓ (ಆರ್ಥೊಟಾಲಿಡಿನ್) ಹನಿಗಳು ಅಗ್ಗ. ಗಾಜಿನ ಕೊಳವೆಯ ನೀರಿಗೆ ಕೆಲವು ಹನಿ ಬಿಟ್ಟಾಗ ಹಳದಿ ಬಣ್ಣ ಕಂಡರೆ ಕ್ಲೋರಿನ್ ಇದೆ. ಕಡು ಹಳದಿಯಾಗಿ ಕಿತ್ತಳೆಗೆ ತಿರುಗಿದರೆ ಆ ನೀರನ್ನು ಮುಟ್ಟಬೇಡಿ. ಮೂಗನ್ನು ನಂಬುವುದು ಸಾಲದು. ಪರೀಕ್ಷಿಸಿದ ನೀರನ್ನು ಬಕೆಟ್‌ನಲ್ಲಿಟ್ಟು, ಗಾಳಿ ಪಂಪು ಹಾಕಿ ಒಂದು ದಿನ ಬಿಟ್ಟು, ಮತ್ತೊಮ್ಮೆ ಪರೀಕ್ಷಿಸಿಯೇ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಬೇಸಿಗೆಯ ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕಿನ ನೀರು ಕಾದಿರುತ್ತದೆ, ಆದ್ದರಿಂದ ಬೆಳಗ್ಗೆ ಹಿಡಿದಿಡುವುದು ಮೇಲು.

ಸ್ಯಾನ್ ಫ್ರಾನ್ಸಿಸ್ಕೋ ಕಡೆಯಲ್ಲಿರುವ ಕನ್ನಡಿಗರಿಗೆ ಈ ಬಕೆಟ್ ಉಪಾಯ ಸಾಲದು. ಅಲ್ಲಿನ ನೀರಿಗೆ 2004ರಿಂದ ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ವಸ್ತು) ಬೆರೆಸಲಾಗುತ್ತಿದ್ದು, ಅದು ಒಂದು ದಿನ ಇಟ್ಟರೆ ಹಾರಿಹೋಗುವಂಥದ್ದಲ್ಲ. ಅದನ್ನೂ, ಅದು ಒಡೆದಾಗ ಬಿಡುಗಡೆಯಾಗುವ ಅಮೋನಿಯಾವನ್ನೂ ನಿಭಾಯಿಸುವ ಔಷಧವನ್ನೇ ಕೇಳಿ ಕೊಳ್ಳಬೇಕು. ಇಲ್ಲಿರುವವರು ಸಂಪು ತೊಳೆಯುವ ದಿನಾಂಕವನ್ನು ಮುಂಚಿತವಾಗಿ ನೋಟಿಸ್ ಬೋರ್ಡಿನಲ್ಲಿ ಹಾಕುವಂತೆ ಸಂಘಕ್ಕೆ ಲಿಖಿತವಾಗಿ ಕೇಳಿ. ನಮ್ಮಲ್ಲಿ ನಾನು ಬರೆದ ಅಂಥ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.