ಹಡಗು ಹೊರಡುವ ದಿನವೇ ಇಳಿಯುವ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ

ಕಳೆದ ಸೆಪ್ಟೆಂಬರ್‌ನಲ್ಲಿ ಅಪ್ಪ, ಅಮ್ಮ, ನನ್ನ ಪತ್ನಿ ಮತ್ತು ನಾನು ಇಟಲಿಯಿಂದ ಹೊರಡುವ ಏಳು ರಾತ್ರಿಗಳ ಮೆಡಿಟರೇನಿಯನ್ ಕ್ರೂಸ್‌ಗೆ ಹಣ ಕಟ್ಟಿದ್ದೆವು. ಹಡಗಿನಲ್ಲಿ ಮಲಗಿದ್ದು ನಾಲ್ಕೇ ರಾತ್ರಿ. ಉಳಿದ ಮೂರು ರಾತ್ರಿಗಳ ಹಣ ಹೋಯಿತು, ಅದರ ಮೇಲೆ ಸುಮಾರು ಒಂದು ಲಕ್ಷದ ಅರವತ್ತು ಸಾವಿರ ರೂಪಾಯಿ ಕೈಯಿಂದ ಖರ್ಚಾಯಿತು, ಮಧುಮೇಹವಿರುವ ಅಪ್ಪ ಎರಡು ದಿನ ಮಾತ್ರೆಯಿಲ್ಲದೆ ಕಳೆಯಬೇಕಾಯಿತು. ಇದರಲ್ಲಿ ಬಹುಪಾಲು ತಪ್ಪಿಸಬಹುದಾಗಿದ್ದ ತೊಂದರೆಯಾದ್ದರಿಂದ, ತಂದೆತಾಯಿಯನ್ನು ಕರೆದುಕೊಂಡು ಇಂತಹ ಪ್ರಯಾಣಕ್ಕೆ ಹೊರಡುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಪ್ಪನಿಗೆ ಎಪ್ಪತ್ತು ತುಂಬಿತ್ತು. ಭೀಮರಥ ಶಾಂತಿಯನ್ನು ಶಿವಮೊಗ್ಗದ ಮನೆಯಲ್ಲಿಯೇ ಹತ್ತಿರದವರನ್ನಷ್ಟೇ ಕರೆದು ಮುಗಿಸಿ, ಛತ್ರಕ್ಕೆ ಖರ್ಚಾಗುತ್ತಿದ್ದ ಹಣದಲ್ಲಿ ಎಲ್ಲಿಗಾದರೂ ಹೋಗಿ ಬರೋಣವೆಂದು ಅವರೇ ಹೇಳಿದ್ದರು. ಅಮ್ಮನಿಗೆ ಮಂಡಿ ನೋವಿರುವುದರಿಂದ, ದಿನಕ್ಕೊಂದು ಹೋಟೆಲ್ ಬದಲಿಸುತ್ತ ಬಸ್ಸು ಹತ್ತಿ ಇಳಿಯುವ ಯುರೋಪ್ ಪ್ರವಾಸಕ್ಕಿಂತ ಒಂದೇ ಕೋಣೆಯಲ್ಲಿದ್ದುಕೊಂಡು ಊರುಗಳನ್ನು ನೋಡುವ ಹಡಗಿನ ಪ್ರಯಾಣವೇ ಸರಿಯೆನಿಸಿತು. ಆ ತೀರ್ಮಾನದಲ್ಲಿ ತಪ್ಪಿತ್ತೆಂದು ಈಗಲೂ ನನಗೆ ಅನ್ನಿಸುವುದಿಲ್ಲ.

ಹಡಗು ಭಾನುವಾರ ಸಂಜೆ ಆರಕ್ಕೆ ಚಿವಿತಾವೆಕ್ಯಾ ಬಂದರಿನಿಂದ ಹೊರಟು ಸೋಮವಾರ ಸಿಸಿಲಿಯ ಮೆಸ್ಸೀನಾ ತಲುಪಿ, ಮಂಗಳವಾರ ಪೂರ್ತಿ ಸಮುದ್ರದಲ್ಲಿದ್ದು, ಬುಧವಾರ ಅಥೆನ್ಸ್‌ನ ಬಂದರಾದ ಪಿರೇಯಸ್, ಗುರುವಾರ ಟರ್ಕಿಯ ಕುಶಾದಾಸಿ, ಶುಕ್ರವಾರ ಸ್ಯಾಂಟೊರಿನಿಗೆ ಹೋಗಿ ಮುಂದಿನ ಭಾನುವಾರ ಬೆಳಿಗ್ಗೆ ಹೊರಟಲ್ಲಿಗೇ ಮರಳುವುದಿತ್ತು. ಜಾಹೀರಾತಿನಲ್ಲಿ ‘ರೋಮ್‌ನಿಂದ’ ಎಂದೇ ಅಚ್ಚಾಗಿರುತ್ತದೆ. ಆದರೆ ಚಿವಿತಾವೆಕ್ಯಾ ರೋಮ್ ನಗರದಿಂದ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಬೇರೆಯೇ ಊರು ಎಂಬುದನ್ನು ನಾನು ಟಿಕೆಟ್ ಆದ ಮೇಲೆ ನಕ್ಷೆಯಲ್ಲಿ ನೋಡಿ ತಿಳಿದುಕೊಂಡೆ.

ವಿಮಾನದ ಟಿಕೆಟ್ ಮಾಡಿಸಿದ್ದು ಬೆಂಗಳೂರಿನ ಒಬ್ಬ ಏಜೆಂಟರ ಮೂಲಕ. ಭಾನುವಾರ ನಸುಕಿನ 3.50ಕ್ಕೆ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಿಂದ ಹೊರಟು, ಕೊಲ್ಲಿಯ ಒಂದು ನಗರದಲ್ಲಿ ವಿಮಾನ ಬದಲಿಸಿ, ಅದೇ ಮಧ್ಯಾಹ್ನ 12.50ಕ್ಕೆ ರೋಮ್‌ನ ಫ್ಯೂಮಿಚೀನೋದಲ್ಲಿ ಇಳಿಯಬೇಕಿತ್ತು. ಒಂದು ದಿನ ಮುಂಚೆ ಹೋದರೆ ಹೇಗೆ ಎಂದು ನಾನು ಕೇಳಿದ್ದೆ. “ಹಡಗು ಆರಕ್ಕೆ ಸರ್, ನೀವು ಒಂದಕ್ಕೇ ಇಳೀತೀರಿ. ಐದು ಗಂಟೆ ಟೈಮ್ ಇದೆ, ಹೋಟೆಲ್ ಖರ್ಚು ಯಾಕೆ?” ಎಂದರು. ಎರಡು ಕೋಣೆಗಳ ಬಾಡಿಗೆ ಉಳಿಯುತ್ತದೆಂದು ನಾನೂ ಒಪ್ಪಿದೆ.

ಆ ಐದು ಗಂಟೆಯ ಲೆಕ್ಕವನ್ನು ಈಗ ಬಿಡಿಸಿ ಹೇಳುತ್ತೇನೆ. ಹಡಗು ಆರಕ್ಕೆ ಹೊರಡುತ್ತದೆಂದರೆ ಆರಕ್ಕೆ ಹತ್ತಬಹುದೆಂದು ಅರ್ಥವಲ್ಲ. ಪ್ರಯಾಣಿಕರ ಪಟ್ಟಿಯನ್ನು ಬಂದರಿನ ಅಧಿಕಾರಿಗಳಿಗೆ ಒಪ್ಪಿಸಬೇಕಾಗಿರುವುದರಿಂದ, ಹೊರಡುವುದಕ್ಕೆ ಒಂದು ಅಥವಾ ಒಂದೂವರೆ ಗಂಟೆ ಮೊದಲೇ ಚೆಕ್‌ಇನ್ ಕೌಂಟರ್ ಮುಚ್ಚುತ್ತಾರೆ. ನಮ್ಮ ಬೋರ್ಡಿಂಗ್ ಕಾಗದದಲ್ಲಿ 4.30 ಎಂದು ಸ್ಪಷ್ಟವಾಗಿ ಬರೆದಿತ್ತು. ಫ್ಯೂಮಿಚೀನೋದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲಿಗೆ ಒಂದು ಗಂಟೆ, ಲಗೇಜು ಬರುವುದಕ್ಕೆ ಮುಕ್ಕಾಲು ಗಂಟೆ, ಬಂದರಿಗೆ ರಸ್ತೆಯಲ್ಲಿ ಒಂದೂಕಾಲು ಗಂಟೆ ಹಿಡಿದರೆ ಗಂಟೆ 3.50 ಆಗುತ್ತದೆ. ಅಂದರೆ ಎಲ್ಲವೂ ಸರಿಯಾಗಿ ನಡೆದರೂ ನಮ್ಮ ಕೈಯಲ್ಲಿ ಉಳಿಯುತ್ತಿದ್ದದ್ದು ನಲವತ್ತು ನಿಮಿಷ ಮಾತ್ರ. 2025ರ ಅಕ್ಟೋಬರ್ 12ರಿಂದ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳು ವಿದೇಶಿಯರ ಪ್ರವೇಶ ಮತ್ತು ನಿರ್ಗಮನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆಯನ್ನು ಹಂತಹಂತವಾಗಿ ತಂದಿರುವುದರಿಂದ, ಪಾಸ್‌ಪೋರ್ಟ್ ಸಾಲಿಗೆ ಇನ್ನೂ ಹೆಚ್ಚು ಸಮಯ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ವಿಷಯದಲ್ಲಿ ಅಷ್ಟು ದೂರ ಹೋಗುವ ಮಾತೇ ಬರಲಿಲ್ಲ. ಬೆಂಗಳೂರಿನಲ್ಲಿ ಎಲ್ಲರೂ ವಿಮಾನದೊಳಗೆ ಕುಳಿತ ಮೇಲೆ ತಾಂತ್ರಿಕ ದೋಷವೆಂದು ಮೂರು ಗಂಟೆ ನಿಲ್ಲಿಸಿದರು. ಕೊಲ್ಲಿಯ ನಗರ ತಲುಪುವ ಹೊತ್ತಿಗೆ ರೋಮ್ ವಿಮಾನ ಹಾರಿ ಅರ್ಧ ಗಂಟೆಗೂ ಹೆಚ್ಚಾಗಿತ್ತು, ಮಧ್ಯಾಹ್ನದ ಇನ್ನೊಂದು ವಿಮಾನದಲ್ಲಿ ನಾಲ್ಕು ಸೀಟು ಇರಲಿಲ್ಲ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದುದರಿಂದ ವಿಮಾನ ಕಂಪನಿ ಮರುದಿನದ ಸೀಟನ್ನೂ ನಿಲ್ದಾಣದೊಳಗಿನ ಹೋಟೆಲ್‌ನಲ್ಲಿ ಕೋಣೆಯನ್ನೂ ಕೊಟ್ಟಿತು. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಅದೂ ಸಿಗುತ್ತಿರಲಿಲ್ಲ. ಆದರೆ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ: ವಿಮಾನ ಕಂಪನಿ ತಾನಾಗಿ ನೋಡಿಕೊಳ್ಳುವುದು ನಿಮ್ಮನ್ನು ರೋಮ್‌ಗೆ ಮುಟ್ಟಿಸುವುದನ್ನು ಮಾತ್ರ. ತಪ್ಪಿಹೋದ ಹಡಗಿನ ಹಣವನ್ನು ಅವರು ತಾವಾಗಿ ಕೊಡುವುದಿಲ್ಲ. ಯುರೋಪಿನಲ್ಲಿ ವಿಮಾನ ತಡವಾದರೆ 600 ಯೂರೋವರೆಗೆ ಪರಿಹಾರವಿದೆಯೆಂದು ನಾನು ಓದಿದ್ದೆ. ಆ ನಿಯಮ ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನಗಳಿಗೆ, ಇಲ್ಲವೇ ಹೊರಗಿನಿಂದ ಅಲ್ಲಿಗೆ ಹೋಗುವ ಯುರೋಪಿನ ಕಂಪನಿಗಳ ವಿಮಾನಗಳಿಗೆ ಅನ್ವಯಿಸುತ್ತದೆ. ಬೆಂಗಳೂರಿನಿಂದ ಕೊಲ್ಲಿಯ ಕಂಪನಿಯ ವಿಮಾನದಲ್ಲಿ ಹೊರಟ ನಮಗೆ ಅದು ಸಿಗಲಿಲ್ಲ.

ಹಡಗಿನ ಕಂಪನಿಗೆ ನಾನು ಕರೆ ಮಾಡಿದ್ದು ಕೊಲ್ಲಿಯ ನಿಲ್ದಾಣದಿಂದ. ಬೆಂಗಳೂರಿನಲ್ಲಿ ಮೊದಲ ಗಂಟೆ ತಡವಾದಾಗಲೇ ಮಾಡಬೇಕಿತ್ತು. ಬೋರ್ಡಿಂಗ್ ಕಾಗದದ ಕೊನೆಯ ಪುಟದಲ್ಲಿ ತುರ್ತು ದೂರವಾಣಿ ಸಂಖ್ಯೆಯೂ ಪ್ರತಿ ಬಂದರಿನ ಏಜೆಂಟರ ವಿವರವೂ ಇರುತ್ತದೆ. ಅದನ್ನು ಬೇರೆ ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಏನೂ ತಿಳಿಸದೆ ಬಾರದೇ ಹೋದವರ ಬುಕಿಂಗ್ ರದ್ದಾಗುವ ಸಾಧ್ಯತೆಯಿರುತ್ತದೆ. ತಿಳಿಸಿದವರು ಮುಂದಿನ ಬಂದರಿನಲ್ಲಿ ತಮ್ಮದೇ ಖರ್ಚಿನಲ್ಲಿ ಬಂದು ಹತ್ತಲು ಅನುಮತಿ ಕೇಳಬಹುದು. ಅದೂ ಎಲ್ಲ ಕಡೆಯೂ ಸಿಗುವಂಥದ್ದಲ್ಲ, ಕೆಲವು ದೇಶಗಳ ಕರಾವಳಿ ಕಾನೂನು ಅಡ್ಡ ಬರುತ್ತದೆ. ನಾವು ರೋಮ್‌ನಲ್ಲಿ ಇಳಿದದ್ದು ಸೋಮವಾರ ಮಧ್ಯಾಹ್ನ, ಹಡಗು ಮೆಸ್ಸೀನಾ ಬಿಡುವುದು ಅದೇ ಸಂಜೆ ಐದಕ್ಕೆ. ರೋಮ್‌ನಿಂದ ಮೆಸ್ಸೀನಾಕ್ಕೆ ನೇರ ರೈಲಿದೆ, ಜಲಸಂಧಿಯಲ್ಲಿ ಬೋಗಿಗಳನ್ನೇ ದೋಣಿಗೆ ಏರಿಸಿ ದಾಟಿಸುತ್ತಾರೆ. ಆದರೆ ಅದಕ್ಕೆ ಏಳೆಂಟು ಗಂಟೆ ಬೇಕು. ಹೀಗಾಗಿ ಉಳಿದ ದಾರಿ ಪಿರೇಯಸ್ ಒಂದೇ ಆಗಿತ್ತು.

ಆಗ ನನಗೊಂದು ಯೋಚನೆ ಬಂತು. ಕೊಲ್ಲಿಯಿಂದ ರೋಮ್‌ಗೆ ಹೋಗುವುದನ್ನು ಬಿಟ್ಟು ಬೇರೆ ಟಿಕೆಟ್ ತೆಗೆದುಕೊಂಡು ನೇರವಾಗಿ ಅಥೆನ್ಸ್‌ಗೆ ಹೋದರೆ ಒಂದು ದಿನದ ಖರ್ಚು ಉಳಿಯುತ್ತಿತ್ತು. ಕೌಂಟರಿನಲ್ಲಿದ್ದ ಮಹಿಳೆಯೊಬ್ಬರು ಕೂಡಲೇ ತಡೆದರು. ಟಿಕೆಟ್‌ನ ಒಂದು ಹಂತವನ್ನು ಹಾರದೆ ಬಿಟ್ಟರೆ ಅದರ ಮುಂದಿನ ಎಲ್ಲ ಹಂತಗಳೂ, ಊರಿಗೆ ಮರಳುವ ಟಿಕೆಟ್ ಸಹ, ತಾನಾಗಿ ರದ್ದಾಗುತ್ತದೆ ಎಂದು ತಿಳಿಸಿದರು. ಆ ಮಾತು ನಮಗೆ ಇನ್ನೊಂದು ದೊಡ್ಡ ನಷ್ಟವನ್ನು ತಪ್ಪಿಸಿತು. ಸೋಮವಾರ ರೋಮ್‌ನಲ್ಲಿ ಉಳಿದು, ಮಂಗಳವಾರ ಸಂಜೆ ಅಥೆನ್ಸ್‌ಗೆ ಹಾರಿ, ಆ ರಾತ್ರಿಯೇ ಪಿರೇಯಸ್ ಸೇರಿದೆವು. ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಮೆಟ್ರೋ ಮೂರನೇ ಮಾರ್ಗವೂ ಎಕ್ಸ್96 ಬಸ್ಸೂ ಇವೆ. ಅಮ್ಮನ ಮಂಡಿಯನ್ನು ನೋಡಿ ನಾವು ಟ್ಯಾಕ್ಸಿ ಹಿಡಿದೆವು.

ಮಾತ್ರೆಗಳ ಸಂಗತಿಯನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಅಪ್ಪ ಅಮ್ಮನ ಒಂದು ತಿಂಗಳ ಮಾತ್ರೆಗಳನ್ನು ಡಬ್ಬಿಯಲ್ಲಿ ಜೋಡಿಸಿ ಅಮ್ಮನ ದೊಡ್ಡ ಸೂಟ್‌ಕೇಸಿನಲ್ಲಿ ಇಟ್ಟಿದ್ದೆವು, ಅದು ವಿಮಾನದ ಹೊಟ್ಟೆಗೆ ಹೋಗಿತ್ತು. ಕೊಲ್ಲಿಯಲ್ಲಿ ರಾತ್ರಿ ಉಳಿದಾಗ ಲಗೇಜು ಕೈಗೆ ಕೊಡಲಿಲ್ಲ. ಮರುದಿನ ರೋಮ್‌ನಲ್ಲಿ ಮೂರು ಪೆಟ್ಟಿಗೆ ಬಂದವು, ಆ ಒಂದು ಸೂಟ್‌ಕೇಸ್ ಮಾತ್ರ ಬರಲಿಲ್ಲ. ಅಪ್ಪನ ಮುಖ ಬಾಡಿಹೋಗಿತ್ತು, ಆದರೂ ನಮ್ಮನ್ನು ಸಮಾಧಾನಪಡಿಸುತ್ತ “ಏನಾಗಲ್ಲ ಬಿಡೋ” ಎನ್ನುತ್ತಿದ್ದರು. ಹಸಿರು ಶಿಲುಬೆಯ ಗುರುತಿರುವ ಔಷಧಿ ಅಂಗಡಿಗಳನ್ನು ಹುಡುಕಿ ಹೋದಾಗ ಮೊದಲನೆಯವರು ಭಾರತದ ಚೀಟಿಗೆ ಮಾತ್ರೆ ಕೊಡಲು ಒಪ್ಪಲಿಲ್ಲ. ಎರಡನೆಯವರು ನನ್ನ ಫೋನಿನಲ್ಲಿದ್ದ ವೈದ್ಯರ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಎಂಬ ಮೂಲ ಹೆಸರನ್ನು ಓದಿ, ಅಪ್ಪನ ವಯಸ್ಸು ಕೇಳಿ, ಒಂದು ಚಿಕ್ಕ ಪೆಟ್ಟಿಗೆ ಕೊಟ್ಟರು. ನಮ್ಮೂರಿನ ಕಂಪನಿಗಳು ಇಟ್ಟ ಹೆಸರುಗಳು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಹೊರಡುವ ಮೊದಲು ವೈದ್ಯರಿಂದ ಮೂಲ ಹೆಸರು ಮತ್ತು ಪ್ರಮಾಣವಿರುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ, ಎಲ್ಲ ಮಾತ್ರೆಗಳನ್ನೂ ಕೈಚೀಲದಲ್ಲೇ ಇಡಿ. ಇನ್ಸುಲಿನ್ ಇದ್ದರಂತೂ ಯಾವ ಕಾರಣಕ್ಕೂ ಕೆಳಗೆ ಹೋಗುವ ಪೆಟ್ಟಿಗೆಗೆ ಹಾಕಬೇಡಿ, ಅದು ಹೆಪ್ಪುಗಟ್ಟಿ ಕೆಡಬಹುದು.

ಬಾರದ ಪೆಟ್ಟಿಗೆಯ ಬಗ್ಗೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ, ಪಿಐಆರ್ ಎಂಬ ಆ ವರದಿಯ ಸಂಖ್ಯೆಯನ್ನು ಪಡೆದುಕೊಳ್ಳಬೇಕು. ನಾನು ಬರೆಸಿದೆ, ಆದರೆ ವಿಳಾಸದ ಜಾಗದಲ್ಲಿ ರೋಮ್‌ನ ಹೋಟೆಲನ್ನು ಮಾತ್ರ ಕೊಟ್ಟೆ. ನಾವು ಅಥೆನ್ಸ್‌ಗೆ ಹೋದ ರಾತ್ರಿಯೇ ಪೆಟ್ಟಿಗೆ ಆ ಹೋಟೆಲಿಗೆ ಬಂದು ಕುಳಿತಿತು. ಅಮ್ಮ ಎರಡು ಸೀರೆಯಲ್ಲಿ ಆ ವಾರ ಕಳೆದರು. ಹಡಗಿನ ಹೆಸರು, ಬುಕಿಂಗ್ ಸಂಖ್ಯೆ, ಯಾವ ದಿನ ಯಾವ ಬಂದರು ಎಂಬ ಪಟ್ಟಿ ಇವಿಷ್ಟನ್ನೂ ದೂರಿನಲ್ಲಿ ಸೇರಿಸಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಸಂಬಂಧಿಸಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಲಗೇಜು ತಡವಾಗಿ ಬಂದರೆ ಅದು ಕೈಸೇರಿದ 21 ದಿನಗಳೊಳಗೆ ಪರಿಹಾರಕ್ಕೆ ಲಿಖಿತವಾಗಿ ಅರ್ಜಿ ಹಾಕಬೇಕು. ಈ ನಡುವೆ ಕೊಂಡ ಬಟ್ಟೆಬರೆಗಳ ರಸೀದಿಗಳನ್ನು ಇಟ್ಟುಕೊಂಡಿದ್ದರಿಂದ ಆ ಹಣ ನಮಗೆ ಮರಳಿ ಬಂತು.

ಬುಧವಾರ ಹಡಗು ಹತ್ತಿದ ಕೂಡಲೇ ನಮ್ಮನ್ನು ಸುರಕ್ಷತಾ ತರಬೇತಿಗೆ ಕರೆದೊಯ್ದರು. ತಡವಾಗಿ ಬಂದವರು ಅದನ್ನು ತಪ್ಪಿಸಿಕೊಳ್ಳಲು ನೋಡಬಾರದು. 2012ರ ಜನವರಿ 13ರಂದು ಇದೇ ಚಿವಿತಾವೆಕ್ಯಾದಿಂದ ಹೊರಟ ಕೋಸ್ಟಾ ಕಾಂಕೋರ್ಡಿಯಾ ಹಡಗು ಜೀಲ್ಯೋ ದ್ವೀಪದ ಬಳಿ ಬಂಡೆಗೆ ಬಡಿದು 32 ಜನ ತೀರಿಕೊಂಡಾಗ, ಆ ಸಂಜೆ ಹತ್ತಿದವರಿಗೆ ತರಬೇತಿ ಇನ್ನೂ ಆಗಿರಲಿಲ್ಲ. ಆ ಬಳಿಕವೇ ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಅದನ್ನು ನಡೆಸಬೇಕೆಂಬ ನಿಯಮ ಬಂತು.

ಇನ್ನು ಕ್ಯಾಬಿನ್. ದರ ಕಡಿಮೆಯೆಂದು ನಾವು ‘ಗ್ಯಾರಂಟಿ’ ಕ್ಯಾಬಿನ್ ತೆಗೆದುಕೊಂಡಿದ್ದೆವು. ಗ್ಯಾರಂಟಿ ಇರುವುದು ದರ್ಜೆಗೆ ಮಾತ್ರ, ಕೋಣೆ ಎಲ್ಲಿರುತ್ತದೆ ಎಂಬುದಕ್ಕಲ್ಲ. ಕೋಣೆಯನ್ನು ಅವರೇ ಕೊನೆಗೆ ಹಂಚುತ್ತಾರೆ. ನಮಗೆ ಸಿಕ್ಕಿದ್ದು ಮುಂಭಾಗದಲ್ಲಿ, ಅಪ್ಪ ಅಮ್ಮನಿಗೆ ಸಿಕ್ಕಿದ್ದು ಬೇರೆ ಡೆಕ್‌ನ ಹಿಂಭಾಗದ ತುದಿಯಲ್ಲಿ. ಮುನ್ನೂರು ಮೀಟರ್ ಉದ್ದದ ಹಡಗಿನಲ್ಲಿ ಅಮ್ಮ ಪ್ರತಿ ಊಟಕ್ಕೂ ಆ ಕಾರಿಡಾರ್ ಉದ್ದಕ್ಕೂ ನಡೆಯಬೇಕಾಯಿತು. ಅವರ ಕಿಟಕಿಯಿಂದ ಕಾಣುತ್ತಿದ್ದದ್ದು ತೂಗುಹಾಕಿದ ಲೈಫ್‌ಬೋಟ್‌ನ ಬೆನ್ನು. ತಲೆಯ ಮೇಲೆ ಈಜುಕೊಳದ ಡೆಕ್ ಇದ್ದುದರಿಂದ ಬೆಳಗಿನ ಐದಕ್ಕೇ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತಿತ್ತು. ಹಿರಿಯರಿದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೋಣೆಯ ಸಂಖ್ಯೆಯನ್ನು ನೀವೇ ಆರಿಸಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಓಲಾಟ ಕಡಿಮೆ. ಲಿಫ್ಟ್‌ಗೆ ಹತ್ತಿರವಿರಬೇಕು, ಆದರೆ ಅದಕ್ಕೆ ಅಂಟಿಕೊಂಡಿರಬಾರದು. ಮೇಲೂ ಕೆಳಗೂ ಕೋಣೆಗಳೇ ಇರುವ ಡೆಕ್ ಎಲ್ಲಕ್ಕಿಂತ ಶಾಂತ. ಪಕ್ಕದ ಕೋಣೆಗೆ ನಡುಬಾಗಿಲಿರುವ ಕ್ಯಾಬಿನ್ ನಮ್ಮಂಥ ಕುಟುಂಬಕ್ಕೆ ಅನುಕೂಲ, ಪಕ್ಕದಲ್ಲಿ ಅಪರಿಚಿತರಿದ್ದರೆ ಮಾತೆಲ್ಲ ಕೇಳಿಸುತ್ತದೆ. ಸ್ನಾನದ ಮನೆಯ ಹೊಸ್ತಿಲು ಎತ್ತರವಿರುತ್ತದೆ, ಕುಳಿತು ಸ್ನಾನ ಮಾಡುವ ಸ್ಟೂಲ್ ಬೇಕಿದ್ದರೆ ಮೊದಲೇ ಬರೆದು ಕೇಳಿ.

ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗೆ ಇಳಿಯಬೇಕು, ದಡದಿಂದ ಊರಿಗೆ ಕೇಬಲ್ ಕಾರ್ ಹತ್ತಬೇಕು, ಇಲ್ಲವೇ ಸುಮಾರು ಆರುನೂರು ಮೆಟ್ಟಿಲು. ಅಮ್ಮ ಆ ದಿನ ಹಡಗಿನಲ್ಲೇ ಉಳಿದರು. ಯಾವ ಊರಿನಲ್ಲಿ ದೋಣಿಗೆ ಇಳಿಯಬೇಕೆಂಬುದನ್ನು ಬುಕಿಂಗ್‌ಗೆ ಮೊದಲೇ ವಿಚಾರಿಸಿಕೊಳ್ಳಿ.

ವೀಸಾದಲ್ಲಿ ನಾವು ಉಳಿದುಕೊಂಡದ್ದು ಮೈಸೂರಿನ ಸ್ನೇಹಿತರೊಬ್ಬರ ದಯೆಯಿಂದ. ಏಜೆಂಟರು ಅರ್ಜಿಯಲ್ಲಿ ಒಂದೇ ಪ್ರವೇಶದ ವೀಸಾ ಎಂದು ಗುರುತು ಹಾಕಿದ್ದರು, ಅದು ಸಾಲದೆಂದು ಆ ಸ್ನೇಹಿತರು ಮೊದಲೇ ಎಚ್ಚರಿಸಿದರು. ಟರ್ಕಿ ಷೆಂಗೆನ್ ವಲಯದಲ್ಲಿಲ್ಲ. ಕುಶಾದಾಸಿಗೆ ಹೋಗಿ ಸ್ಯಾಂಟೊರಿನಿಗೆ ಮರಳುವುದೆಂದರೆ ಷೆಂಗೆನ್‌ನಿಂದ ಹೊರಬಿದ್ದು ಮತ್ತೆ ಒಳಬರುವುದು, ಹೀಗಾಗಿ ಹಲವು ಪ್ರವೇಶದ ವೀಸಾ ಇಲ್ಲದವರನ್ನು ಇಂತಹ ಮಾರ್ಗದ ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ಹಾಗೆ ನಿರಾಕರಿಸಿದರೆ ಹಣವೂ ಮರಳುವುದಿಲ್ಲ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಪ್ರವೇಶಗಳ ಸಂಖ್ಯೆಯನ್ನು ಓದಿ ನೋಡಿ.

ವಿಮೆಯ ವಿಷಯದಲ್ಲಿ ಮಾತ್ರ ನನಗೆ ಯಾರೂ ಎಚ್ಚರಿಕೆ ಹೇಳಿರಲಿಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು, ನಮ್ಮದು ಅಷ್ಟಕ್ಕೇ ಕೊಂಡ ಅಗ್ಗದ ಪಾಲಿಸಿ. ವಿಮಾನ ತಡವಾದದ್ದಕ್ಕೆ ಒಂದು ಸಣ್ಣ ಮೊತ್ತ ಬಂತು, ಅದಕ್ಕೂ ವಿಮಾನ ಕಂಪನಿಯಿಂದ ವಿಳಂಬದ ಪ್ರಮಾಣಪತ್ರ ಬೇಕಾಯಿತು. ತಪ್ಪಿದ ಮೂರು ರಾತ್ರಿಗಳಿಗೂ ಅಥೆನ್ಸ್ ಟಿಕೆಟ್‌ಗೂ ಒಂದು ರೂಪಾಯಿ ಬರಲಿಲ್ಲ. ಹಡಗಿನ ವೈದ್ಯರು ಉಚಿತವಲ್ಲ, ಅಲ್ಲಿಯ ಶುಲ್ಕವೂ ಬಿಲ್ಲಿಗೆ ಸೇರುತ್ತದೆ. ಹಡಗು ತಪ್ಪಿದರೆ ಎಷ್ಟು ಕೊಡುತ್ತೀರಿ, ಮೊದಲೇ ಇರುವ ಸಕ್ಕರೆ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆದ ಮೇಲೆ ಪಾಲಿಸಿ ಕೊಳ್ಳಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇವುಗಳನ್ನು ಬೆಂಕಿಯ ಭಯದಿಂದ ಹಡಗಿನಲ್ಲಿ ಬಿಡುವುದಿಲ್ಲ. ಹಡಗು ದಡ ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದ ನೆಟ್‌ವರ್ಕ್‌ನ ರೋಮಿಂಗ್ ದರ ಭೂಮಿಯ ದರಕ್ಕಿಂತ ಬಹಳ ಹೆಚ್ಚು.

ಮರಳುವ ವಿಮಾನವನ್ನೂ ಏಜೆಂಟರು ಭಾನುವಾರ ಬೆಳಿಗ್ಗೆ 11.30ಕ್ಕೇ ಮಾಡಿಸಿದ್ದರು. ಹಡಗು ಆರೂವರೆಗೆ ಬಂದರು ಸೇರಿದರೂ ಸಾವಿರಾರು ಜನ ಸರದಿಯಲ್ಲಿ ಇಳಿಯುವುದರಿಂದ ನಮ್ಮ ಸರದಿ ಒಂಬತ್ತೂವರೆಗೆ ಮೊದಲು ಬರುವುದಿಲ್ಲವೆಂದು ಶುಕ್ರವಾರವೇ ತಿಳಿಯಿತು. ಹಡಗಿನ ದುಬಾರಿ ಇಂಟರ್‌ನೆಟ್ ಕೊಂಡು, ವ್ಯತ್ಯಾಸದ ಹಣ ಕಟ್ಟಿ, ರಾತ್ರಿಯ ವಿಮಾನಕ್ಕೆ ಬದಲಿಸಿಕೊಂಡೆ. ಅದರಿಂದ ರೋಮ್‌ನ ಹೋಟೆಲಿಗೆ ಹೋಗಿ ಅಮ್ಮನ ಸೂಟ್‌ಕೇಸನ್ನು ತರುವುದಕ್ಕೂ ಸಮಯ ಸಿಕ್ಕಿತು. ಮಾತ್ರೆಗಳ ಡಬ್ಬಿ ನಾವು ಜೋಡಿಸಿಟ್ಟಂತೆಯೇ ಅದರೊಳಗಿತ್ತು.